ಸೊನ್ನೆಗೆ ಬಂದು ನಿಲ್ಲುವ ಎಣಿಕೆ

ಕೊಡಿಯಾಲ್‌ಬೈಲ್

ಮಕಾವ್ ಯಾವ ದೇಶದಲ್ಲಿದೆ ಎಂದು ಯಾರಾದರೂ ಕೇಳಿದರೆ, ಮೂವತ್ತಾರು ವರ್ಷ ಭೂಗೋಳ ಕಲಿಸಿದ ನಾನು ಅಲ್ಲಿಗೆ ಹೋಗಿ ಬಂದ ಮೇಲೂ ಒಂದು ಕ್ಷಣ ತಡವರಿಸುತ್ತೇನೆ. ಚೀನಾದಲ್ಲಿದೆ, ಸರಿ. ಆದರೆ ಚೀನಾದವರೇ ಅಲ್ಲಿಗೆ ಬರಲು ಪರ್ಮಿಟ್ ತೆಗೆದುಕೊಳ್ಳುತ್ತಾರೆ. ಕಾನೂನು ಬೇರೆ, ನೋಟು ಬೇರೆ, ಬೀದಿಯ ಹೆಸರುಗಳು ಪೋರ್ಚುಗೀಸಿನಲ್ಲಿ. ನನ್ನ ಹಳೆಯ ಅಟ್ಲಾಸಿನಲ್ಲಿ ಅದು ಪೆನ್ಸಿಲಿನ ಮೊನೆ ತಾಗಿದಷ್ಟು ಚುಕ್ಕೆ. ಆ ಚುಕ್ಕೆಯೊಳಗೆ ಎರಡು ದಿನ ದಾರಿ ತಪ್ಪಿಸಿಕೊಂಡು ಓಡಾಡಿದ ಕಥೆ ಇದು.

ಹೋದದ್ದು ನೋಡಲಿಕ್ಕಲ್ಲ. ನನ್ನ ಅಕ್ಕ ಸೆಲಿನಳ ತಲೆ ಸರಿ ಇದೆಯೇ ಎಂದು ಪರೀಕ್ಷೆ ಮಾಡಲಿಕ್ಕೆ. ಹೀಗೆ ಬರೆದರೆ ಅವಳು ನನ್ನನ್ನು ಬಿಡುವುದಿಲ್ಲ. ಆದರೆ ಪರೀಕ್ಷೆಯನ್ನು ಸೂಚಿಸಿದವಳೂ ಅವಳೇ.

ಕೊಂಕಣಿಯಲ್ಲಿ ನಾನು ಅವಳನ್ನು ಬಾಯ್ ಎಂದು ಕರೆಯುತ್ತೇನೆ. ವಯಸ್ಸು ಎಪ್ಪತ್ತೊಂಬತ್ತು, ನನಗಿಂತ ಐದು ವರ್ಷ ಹಿರಿಯಳು. ಇಡೀ ಸರ್ವಿಸ್ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವಳು. ಈಗಲೂ ಎದೆಯ ಮೇಲೆ ಆ ಕಾಲದ ತಲೆಕೆಳಗಾದ ಗಡಿಯಾರವನ್ನು ಪಿನ್ ಮಾಡಿಕೊಂಡೇ ಮಾರ್ಕೆಟಿಗೆ ಹೋಗುತ್ತಾಳೆ. ಇರುವುದು ಮಂಗಳೂರಿನ ಕೊಡಿಯಾಲ್‌ಬೈಲಿನ ಫ್ಲಾಟಿನಲ್ಲಿ, ನನ್ನ ಫ್ಲಾಟಿಗಿಂತ ಎರಡು ಮಹಡಿ ಮೇಲೆ, ತನ್ನದೇ ಕೀ, ತನ್ನದೇ ರಾಜ್ಯ. ಕಳೆದ ಮಳೆಗಾಲದ ಕೊನೆಗೆ ಅವಳು ಹಾಲು ಒಲೆಯ ಮೇಲಿಟ್ಟು ಲಿಫ್ಟಿನಲ್ಲಿ ಕೆಳಗಿಳಿದು ಹೋದಳು. ಪಾತ್ರೆ ಕಪ್ಪಾಯಿತು, ಪರದೆಗೆ ಬೆಂಕಿ ಹತ್ತುವುದರಲ್ಲಿತ್ತು. ಅದಾದ ಮೇಲೆ ಮಗಳು ಶೀಲಾ ಹಟ ಹಿಡಿದಳು: ಅಮ್ಮ ಫ್ಲಾಟ್ ಬಿಟ್ಟು ಊರ ಹೊರಗಿನ ವಾಮಂಜೂರಿಗೆ, ತನ್ನ ಮನೆಗೆ ಬರಬೇಕು.

ಶೀಲಾ ಒಳ್ಳೆಯ ಹುಡುಗಿ. ಅಲ್ಲಿ ಕೋಣೆ ಉಂಟು, ಗದ್ದೆಯ ಗಾಳಿ ಉಂಟು. ಆದರೆ ಬಾಯ್‌ಗೆ ಬೇಕಾದದ್ದು ಗಾಳಿಯಲ್ಲ, ಕೀ.

"ಒಂದು ದಿನ ಹಾಲು ಉಕ್ಕಿದ್ದಕ್ಕೆ ನನ್ನ ತಲೆ ಹೋಯ್ತಾ?" ಎಂದಳು ಬಾಯ್, ಊಟದ ಮೇಜಿನಲ್ಲಿ.

"ಒಂದು ದಿನ ಅಲ್ಲ ಮಮ್ಮಿ. ಮೊನ್ನೆ ನನ್ನನ್ನು ಐರಿನ್ ಅಂತ ಕರೆದಿ."

"ನಿನ್ನ ಮುಖ ಈಗ ಅವಳ ಹಾಗೇ ಆಗಿದೆ. ಕನ್ನಡಿ ನೋಡು."

ಐರಿನ್ ಎಂದರೆ ನಾನು. ಸಾರು ಬಡಿಸಿದೆ. ಆಗಲೇ ಬಾಯ್ ಒಳಗಿನಿಂದ ಒಂದು ನೋಟ್‌ಬುಕ್ ತಂದು ನಮ್ಮ ಮುಂದಿಟ್ಟದ್ದು. ಯೂಟ್ಯೂಬ್ ನೋಡಿ ನೋಡಿ ಬರೆದದ್ದು, ಸ್ಕೇಲ್ ಹಿಡಿದು ಗೆರೆ ಎಳೆದು ಮೂರು ಕಾಲಮ್. ಇಸ್ಪೀಟ್ ಎಲೆಗಳನ್ನು ಎಣಿಸುವ ಮೂರು ಪದ್ಧತಿ.

ಬ್ಲ್ಯಾಕ್‌ಜಾಕ್ ಎಂಬ ಆಟ ನಮ್ಮ ಕಡೆ ಕಡಿಮೆ, ಆದ್ದರಿಂದ ಎರಡು ಮಾತು. ಕೈಯ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಬಾರದು. ಎದುರಿಗೆ ಕಸಿನೊದವನು. ಸಣ್ಣ ಎಲೆಗಳೆಲ್ಲ ಮೊದಲೇ ಬಂದು ಹೋದರೆ, ಉಳಿದ ಕಟ್ಟಿನಲ್ಲಿ ರಾಜ, ರಾಣಿ, ಎಕ್ಕಗಳು ಜಾಸ್ತಿ. ಅದು ಆಡುವವನಿಗೆ ಒಳ್ಳೆಯದು. ಹಾಗಾಗಿ ಜಾಣರು ಬಂದು ಹೋದ ಎಲೆಗಳನ್ನು ತಲೆಯಲ್ಲಿ ಎಣಿಸುತ್ತಾರೆ. ತಲೆಯಲ್ಲಿ ಎಣಿಸುವುದು ಅಪರಾಧವಲ್ಲವಂತೆ. ಆದರೆ ಇಷ್ಟವಾಗದಿದ್ದರೆ "ಎದ್ದು ಹೋಗಿ" ಎನ್ನುವ ಹಕ್ಕು ಕಸಿನೊದವರಿಗೆ ಉಂಟಂತೆ.

"ಇದು ಹೈ-ಲೋ," ಎಂದು ಬಾಯ್ ಮೊದಲ ಕಾಲಮಿನ ಮೇಲೆ ಬೆರಳಿಟ್ಟಳು. "ಎರಡರಿಂದ ಆರರ ತನಕ ಯಾವ ಎಲೆ ಬಂದರೂ ಒಂದು ಕೂಡಿಸ್ಬೇಕು. ಹತ್ತು, ಗುಲಾಮ, ರಾಣಿ, ರಾಜ, ಎಕ್ಕ ಬಂದರೆ ಒಂದು ಕಳೀಬೇಕು. ಏಳು, ಎಂಟು, ಒಂಬತ್ತು ಲೆಕ್ಕಕ್ಕಿಲ್ಲ. ಇಡೀ ಕಟ್ಟು ಮುಗಿದಾಗ ಎಷ್ಟು ಬರ್ತದೆ ಹೇಳು?"

"ಎಷ್ಟು?"

"ಸೊನ್ನೆ. ಥಿಯೇಟರಿನ ಹಾಗೆ."

ಥಿಯೇಟರಿನಲ್ಲಿ ರೋಗಿಯ ಹೊಟ್ಟೆಯೊಳಗೆ ಹೋದ ಪ್ರತಿಯೊಂದು ಬಟ್ಟೆಯ ತುಂಡು, ಅವರ ಭಾಷೆಯಲ್ಲಿ ಮಾಪ್, ಹೊರಗೆ ಬರಬೇಕು. ಹೊಲಿಗೆ ಹಾಕುವ ಮೊದಲು ಇಬ್ಬರು ನರ್ಸ್‌ಗಳು ಜೋರಾಗಿ ಎಣಿಸಬೇಕು. ಒಬ್ಬಳು ಎಣಿಸಿದರೆ ಅದು ಎಣಿಕೆಯಲ್ಲ. ಒಮ್ಮೆ ಒಂದು ಮಾಪ್ ಕಡಿಮೆ ಬಂತಂತೆ. ದೊಡ್ಡ ಸರ್ಜನ್, ಸಿಡುಕ, "ಎಲ್ಲಾ ಬಂದಿದೆ, ದಾರ ಕೊಡು" ಎಂದು ಗದರಿದನಂತೆ. ಬಾಯ್ ಕೈ ಕಟ್ಟಿ ನಿಂತಳು. ಇಪ್ಪತ್ತು ನಿಮಿಷ ಹುಡುಕಿದ ಮೇಲೆ ಸಿಕ್ಕಿತು. ಸರ್ಜನನದೇ ಚಪ್ಪಲಿಯ ಅಡಿಗೆ ಅಂಟಿಕೊಂಡಿತ್ತು. ಈ ಕಥೆಯನ್ನು ನಾವು ಪ್ರತಿ ಕ್ರಿಸ್ಮಸಿಗೆ ಕೇಳಿದ್ದೇವೆ.

ಎರಡನೆಯ ಕಾಲಮ್ ನಾಕ್-ಔಟ್. ಅದರಲ್ಲಿ ಏಳನ್ನೂ ಸಣ್ಣ ಎಲೆಯೆಂದು ಕೂಡಿಸುತ್ತಾರೆ. ಎಣಿಕೆಯನ್ನು ಉಳಿದ ಕಟ್ಟುಗಳಿಂದ ಭಾಗಿಸುವ ತಲೆನೋವಿಲ್ಲ, ಹೊಸಬರಿಗೆ ಸುಲಭ. ಆದರೆ ಒಂದೊಂದು ಕಟ್ಟು ಮುಗಿದಾಗ ನಾಲ್ಕು ಉಳಿಯುತ್ತದೆ, ಸೊನ್ನೆ ಬರುವುದೇ ಇಲ್ಲ. ಬಾಯ್ ಅದರ ಮುಂದೆ ಕೆಂಪು ಪೆನ್ನಿನಲ್ಲಿ ಬರೆದಿದ್ದಳು: ನಾಲ್ಕು ಮಾಪ್ ಒಳಗೆ ಬಿಟ್ಟು ಹೊಲಿಯುವ ಪದ್ಧತಿ. ಮೂರನೆಯದು ಒಮೆಗಾ ಟು. ಕೆಲವು ಎಲೆಗೆ ಒಂದು, ಕೆಲವಕ್ಕೆ ಎರಡು, ಒಂಬತ್ತಕ್ಕೂ ಲೆಕ್ಕ, ಎಕ್ಕಗಳನ್ನು ಬೇರೆಯೇ ಎಣಿಸಬೇಕು. "ಇದು ಸೂಕ್ಷ್ಮ," ಎಂದಳು ಗೌರವದಿಂದ. "ಆದರೆ ಒಬ್ಬಳಿಂದ ಆಗ್ಲಿಕ್ಕಿಲ್ಲ."

ಆ ಡಿಸೆಂಬರಿನಲ್ಲಿ ನಮ್ಮ ಚರ್ಚಿನ ಗುಂಪು ಹಾಂಗ್‌ಕಾಂಗ್, ಮಕಾವ್ ಯಾತ್ರೆ ಹೊರಟಿತ್ತು. ಅಲ್ಲಿ ಹಳೆಯ ಇಗರ್ಜಿಗಳು, ಅಂದರೆ ಚರ್ಚುಗಳು, ಉಂಟು. ಕಸಿನೊಗಳೂ ಉಂಟು.

"ಅಲ್ಲಿ ಆ ಲೈಟು, ಆ ಗಲಾಟೆಯಲ್ಲಿ ನಿಂತು ನಾನು ಎಣಿಸ್ತೇನೆ," ಎಂದಳು ಬಾಯ್. "ಆಡ್ಲಿಕ್ಕಿಲ್ಲ, ಹಿಂದೆ ನಿಂತು ಎಣಿಸುದು ಮಾತ್ರ. ಲೆಕ್ಕ ಸರಿಯಾದರೆ ಕೀ ನನ್ನದು. ತಪ್ಪಿದರೆ ನೀನು ಹೇಳಿದಲ್ಲಿಗೆ ಬರ್ತೇನೆ. ಐರಿನ್ ನೋಡಿ ಹೇಳಲಿ."

ಶೀಲಾ ನನ್ನ ಕಡೆ ತಿರುಗಿದಳು. "ಆಂಟಿ, ನೀವು ಸುಳ್ಳು ಹೇಳುದಿಲ್ಲ ಅಂತ ನನಗೆ ಗೊತ್ತುಂಟು. ನೀವು ಎಂತ ಹೇಳ್ತೀರೋ ಅದೇ."

ಹಾಗೆ, ಯಾರೂ ನನ್ನನ್ನು ಕೇಳದೆ, ನಾನು ಜಡ್ಜ್ ಆದೆ.

ಸಮುದ್ರದ ಮೇಲಿನ ಸೇತುವೆ

ಹಾಂಗ್‌ಕಾಂಗಿನಿಂದ ಮಕಾವಿಗೆ ಬಸ್ಸು ಸಮುದ್ರದ ಮೇಲೆಯೇ ಹೋಗುತ್ತದೆ. ನೇತ್ರಾವತಿ ಸೇತುವೆಯಲ್ಲಿ ಉಳ್ಳಾಲದ ಕಡೆ ಹೋಗುವಾಗ ಆಚೆ ದಡ ಕಾಣುತ್ತದಲ್ಲ, ಇಲ್ಲಿ ಅದೂ ಇಲ್ಲ. ಮಂಜು, ನೀರು, ನಡುವೆ ನಾವು. ಈ ಸೇತುವೆ ನಡುವೆ ಒಮ್ಮೆ ನೀರಿನ ಅಡಿಗೂ ಇಳಿಯುತ್ತದೆ ಎಂದು ನಮ್ಮ ಟೂರಿನ ಜಯಂತಣ್ಣ ಮೈಕಿನಲ್ಲಿ ಹೇಳಿದಾಗ ಅರ್ಧ ಬಸ್ಸು ಶಿಲುಬೆಯ ಗುರುತು ಮಾಡಿಕೊಂಡಿತು. ಜಯಂತಣ್ಣ ತುಳುವಿನವರು, ಗದ್ದಲದ ಮನುಷ್ಯ, ತಾವೂ ಸೇರಿ ಇಪ್ಪತ್ತೆರಡು ಮಂದಿಯನ್ನು ಕುರಿಗಳಂತೆ ಎಣಿಸಿ ಹತ್ತಿಸುವವರು.

"ಇಪ್ಪತ್ತೊಂದು! ಒಬ್ಬರು ಕಮ್ಮಿ ಮಾರಾಯ್ರೆ!" ಎಂದು ಅವರು ಬೊಬ್ಬೆ ಹಾಕಿದರು.

"ನಿಮ್ಮನ್ನು ಬಿಟ್ಟು ಎಣಿಸಿದಿರಾ, ಸೇರಿಸಿಯಾ?" ಎಂದಳು ಬಾಯ್ ಕಿಟಕಿಯಿಂದ ಕಣ್ಣು ತೆಗೆಯದೆ.

ಅವರು ಮತ್ತೆ ಎಣಿಸಿದರು. "ಬಾಯಮ್ಮ, ನೀವು ಟೂರ್ ಮ್ಯಾನೇಜರ್ ಆಗ್ಬೇಕಿತ್ತು."

ನಾನು ಮನಸ್ಸಿನಲ್ಲಿ ಒಂದು ಅಂಕ ಕೊಟ್ಟೆ. ಹತ್ತು ನಿಮಿಷ ಕಳೆಯಲಿಲ್ಲ, ಬಾಯ್ ನನ್ನ ಕಿವಿಯಲ್ಲಿ, "ಪಣಂಬೂರು ದಾಟಿತಾ?" ಎಂದು ಕೇಳಿದಳು. ಪಣಂಬೂರು ಇರುವುದು ನಮ್ಮ ಮಂಗಳೂರಿನಲ್ಲಿ. ತಮಾಷೆಯೇ? ಅವಳ ಮುಖದಲ್ಲಿ ನಗು ಇತ್ತೇ? ಮಂಜಿನ ಬೆಳಕಿನಲ್ಲಿ ನನಗೆ ತಿಳಿಯಲಿಲ್ಲ. ಕೊಟ್ಟ ಅಂಕ ವಾಪಸು ತೆಗೆಯಲೇ ಬೇಡವೇ ಎಂದು ಯೋಚಿಸುವಷ್ಟರಲ್ಲಿ ಮಕಾವ್ ಬಂತು.

ಮುಂಭಾಗ ಮಾತ್ರ ಉಳಿದ ಇಗರ್ಜಿ

ಹಳೆಯ ಊರಿನ ಓಣಿಗಳಲ್ಲಿ ನಡೆಯುವಾಗ ನನಗೊಂದು ವಿಚಿತ್ರ ಆಯಿತು. ಗೋಡೆಯ ನೀಲಿ ಹಂಚುಗಳ ಮೇಲಿನ ಹೆಸರುಗಳನ್ನು ನನಗೆ ಓದಲು ಬರುತ್ತಿತ್ತು, ಅರ್ಥವೂ ಆಗುತ್ತಿತ್ತು! ಇಗ್ರೇಜಾ ಎಂದರೆ ನಮ್ಮ ಇಗರ್ಜ್. ರೊಟ್ಟಿಯ ಪಾವಿಗೂ, ಕಿಟಕಿಯ ಜನೆಲಿಗೂ, ಮೇಜಿಗೂ ಅಲ್ಲಿಯದೇ ಬೇರು. ನಾನೂರು ವರ್ಷಗಳ ಹಿಂದೆ ಯಾರದೋ ಹಡಗಿನಲ್ಲಿ ಗೋವೆಗೆ ಬಂದ ಮಾತುಗಳು ನಮ್ಮಜ್ಜಿಯ ಅಡುಗೆಮನೆಯಲ್ಲಿ ಉಳಿದವು. ಅದೇ ಮಾತುಗಳು ಇಲ್ಲಿ ಗೋಡೆಯಲ್ಲಿ ಉಳಿದಿವೆ. ಆದರೆ ಗೋಡೆಯ ಕೆಳಗೆ ಕುಳಿತ ಒಬ್ಬರಿಗೂ ಅವು ಬೇಡ. ಅವರು ಕ್ಯಾಂಟನೀಸಿನಲ್ಲಿ ಜಗಳವಾಡುತ್ತ ಚೆಸ್ಸಿನಂಥ ಏನನ್ನೋ ಆಡುತ್ತಿದ್ದರು. ಸ್ವಂತ ಮನೆಯ ಹೆಸರುಫಲಕ ಓದಿ ಬಾಗಿಲು ಬಡಿದರೆ ಬೇರೆ ಯಾರೋ ತೆರೆದ ಹಾಗೆ.

ಬಾಯ್‌ಗೆ ಇದೊಂದು ತೊಡಕೇ ಅಲ್ಲ. ಅವಳು ಎಲ್ಲರ ಹತ್ತಿರವೂ ಕೊಂಕಣಿಯಲ್ಲಿಯೇ ಮಾತಾಡಿದಳು. ಒಣಮೀನಿನ ಅಂಗಡಿಯ ಮುದುಕಿಯ ಹತ್ತಿರ ಎರಡು ನಿಮಿಷ ವಿಚಾರಿಸಿದಳು, ಮುದುಕಿ ಚೀನೀ ಭಾಷೆಯಲ್ಲಿ ಉತ್ತರಿಸಿದಳು, ಇಬ್ಬರೂ ತಲೆಯಾಡಿಸಿದರು.

"ಎಂತ ಹೇಳಿದಳು?" ಎಂದೆ.

"ಈ ಸಲ ಬಂಗುಡೆ ಕಮ್ಮಿಯಂತೆ."

ಮೇಲೆ ಹೋಗುವ ದಾರಿಯ ಎರಡೂ ಕಡೆ ಅಂಗಡಿಯ ಹುಡುಗಿಯರು ಸಕ್ಕರೆ ಹಾಕಿ ಒಣಗಿಸಿದ ಹಂದಿಮಾಂಸದ ಹಾಳೆಗಳನ್ನು ಕತ್ತರಿಯಿಂದ ಬಟ್ಟೆಯಂತೆ ಕತ್ತರಿಸಿ ದಾರಿಹೋಕರ ಕೈಗೆ ತುರುಕುತ್ತಾರೆ. ಕೊಳ್ಳಲೇಬೇಕೆಂದಿಲ್ಲ. ನಮ್ಮ ಸೆಂಟ್ರಲ್ ಮಾರ್ಕೆಟಿನಲ್ಲಿ ಒಂದು ದ್ರಾಕ್ಷಿ ಬಾಯಿಗೆ ಹಾಕಿದರೆ ಎಷ್ಟು ಮಾತು ಕೇಳಬೇಕು! ಬಾಯ್ ಏಳು ಅಂಗಡಿಯಲ್ಲಿ ರುಚಿ ನೋಡಿದಳು. ಎಂಟನೆಯದರ ಮುಂದೆ, "ಇಲ್ಲಿ ಆಗಿದೆ, ಇದು ಮೊದಲಿನವರ ಬ್ರ್ಯಾಂಚ್," ಎಂದು ಕೈ ಹಿಂದೆಗೆದಳು. ನಿಜ, ಬೋರ್ಡು ಅದೇ. ಮತ್ತೆ ಅಂಕ ಕೊಟ್ಟೆ.

ದಿಬ್ಬದ ಮೇಲೆ ಪ್ರಸಿದ್ಧ ಇಗರ್ಜಿ. ಯಾವ ಕಾಲದಲ್ಲೋ ಸುಟ್ಟುಹೋಗಿ ಮುಂಭಾಗದ ಗೋಡೆ ಮಾತ್ರ ಉಳಿದಿದೆ. ಸಂತರ ಮೂರ್ತಿಗಳು, ಕಂಬಗಳು, ಎತ್ತರದ ಬಾಗಿಲು, ಎಲ್ಲ ಇದೆ. ಬಾಗಿಲು ದಾಟಿದರೆ ಆಕಾಶ. ಬಾಯ್ ಬಾಗಿಲಿನಲ್ಲಿ ನಿಂತು ಒಳಗೆ ನೋಡಿದಳು, ಹೊರಗೆ ಬಂದು ಮುಂದೆ ನೋಡಿದಳು, ಮತ್ತೆ ಒಳಗೆ ಹೋದಳು.

"ಬಾಯ್, ಎಂತ ಹುಡುಕುದು?"

"ಹೋಲಿ ವಾಟರ್. ಬಾಗಿಲ ಹತ್ತಿರವೇ ಇರ್ತದಲ್ಲ."

ಅವಳು ಬೆರಳನ್ನು ಗಾಳಿಗೆ ಮುಟ್ಟಿಸಿ ಹಣೆಗೆ ತಂದಳು.

ಮೊದಲ ಕಸಿನೊ

ನಮ್ಮ ಗುಂಪು ಊಟದ ನಂತರ ಫೋಟೊ ತೆಗೆಯಲು ಹೋಯಿತು. ನಾವಿಬ್ಬರು ನಮಗೆ ಕಾಲು ನೋವೆಂದು ಜಯಂತಣ್ಣನ ಹತ್ತಿರ ಹೇಳಿ, ಯಾರೂ ಟಿಕೆಟ್ ಕೇಳದ ಬಸ್ಸೊಂದನ್ನು ಹತ್ತಿ ಒಂದು ದೈತ್ಯ ಹೋಟೆಲಿನೊಳಗೆ ಹೋದೆವು. ಬಸ್ಸಿಗೆ ಟಿಕೆಟ್ ಇಲ್ಲದಿರುವುದೇ ನನಗೆ ಸಂಶಯ ತಂದಿತ್ತು.

ಒಳಗೆ ಮೋಡ ತೇಲುವ ಆಕಾಶ! ತಾರಸಿಗೆ ಬಣ್ಣ ಬಳಿದದ್ದು. ಹೊರಗೆ ಮಧ್ಯಾಹ್ನ ಎರಡು, ಒಳಗೆ ಸಂಜೆ ಆರರ ಬೆಳಕು, ಎಲ್ಲಿಯೂ ಗಡಿಯಾರವಿಲ್ಲ. ಜನ ಬಾಯ್‌ಳ ಎದೆಯ ಗಡಿಯಾರವನ್ನು ತಲೆ ಓರೆ ಮಾಡಿ ನೋಡಿದರು. ಎತ್ತ ತಿರುಗಿದರೂ ಒಂದೇ ಕಾರ್ಪೆಟ್. ದಿಕ್ಕುಗಳನ್ನು ಕಲಿಸಿ ಪೆನ್ಷನ್ ತೆಗೆದುಕೊಳ್ಳುವ ನಾನು ಒಂದೇ ಕಂಬವನ್ನು ಮೂರು ಸಲ ದಾಟಿದೆ.

ಹೆಚ್ಚಿನ ಮೇಜುಗಳಲ್ಲಿ ಬೇರೆಯೇ ಆಟ. ಆಡುವವರು ತಮಗೆ ಬಂದ ಎಲೆಯನ್ನು ಮಗುಚದೆ ಅಂಚಿನಿಂದ ಮಡಚಿ ಮಡಚಿ, ಇಣುಕಿ, ಕೊನೆಗೆ ಉಫ್ ಎಂದು ಊದುತ್ತಾರೆ. ಬೇಡದ ಚುಕ್ಕೆಗಳು ಹಾರಿಹೋಗಲಿ ಎಂದಂತೆ. ಕೋಟು ತೊಟ್ಟ ಗಂಭೀರ ಮನುಷ್ಯರು, ಹುಟ್ಟುಹಬ್ಬದ ಮೊಂಬತ್ತಿಗೆ ಊದುವ ಹಾಗೆ. ನಮ್ಮಲ್ಲಿ ದೃಷ್ಟಿ ತೆಗೆಯುವವರು ಊದುತ್ತಾರೆ; ಇಲ್ಲಿ ಎಲೆಗೇ ದೃಷ್ಟಿ.

ಬ್ಲ್ಯಾಕ್‌ಜಾಕಿನ ಮೇಜು ಸಿಕ್ಕಿತು. ಬಾಯ್ ಕೈಚೀಲವನ್ನು ಎದೆಗೆ ಒತ್ತಿಕೊಂಡು ನಿಂತಳು. ತುಟಿ ಅಲುಗಲಿಲ್ಲ. ಹತ್ತು ನಿಮಿಷವಾಯಿತು.

"ಎಷ್ಟು?" ಎಂದು ಪಿಸುಗುಟ್ಟಿದೆ.

"ಎಷ್ಟೂ ಇಲ್ಲ. ಅವನು ಬಂದ ಎಲೆಯನ್ನು ಆಚೆ ಇಡುದಿಲ್ಲ ಮಾರಾಯ್ತಿ. ನೋಡು, ಆ ಪೆಟ್ಟಿಗೆಗೇ ವಾಪಸು ಹಾಕ್ತಾನೆ!"

ನೋಡಿದೆ. ಮೇಜಿನ ಬದಿಯಲ್ಲಿ ಒಂದು ಕಪ್ಪು ಯಂತ್ರ. ಆಡಿದ ಎಲೆಗಳನ್ನು ನುಂಗಿ, ಒಳಗೆ ಕಲಸಿ, ಮತ್ತೆ ಅವನ್ನೇ ಉಗುಳುತ್ತದೆ. ಕಟ್ಟಿಗೆ ಮೊದಲೂ ಇಲ್ಲ, ಕೊನೆಯೂ ಇಲ್ಲ. ಮೂರು ಕಾಲಮಿನ ನೋಟ್‌ಬುಕ್, ಎರಡು ತಿಂಗಳ ಅಭ್ಯಾಸ, ಇಬ್ಬರು ಮುದುಕಿಯರ ಪಾಸ್‌ಪೋರ್ಟು, ಎಲ್ಲ ಆ ಯಂತ್ರದ ಬಾಯಿಗೆ.

"ತೆಗೆದ ಮಾಪನ್ನು ಪುನಃ ಹೊಟ್ಟೆಗೆ ಹಾಕಿದರೆ ಯಾವ ನರ್ಸ್ ಎಣಿಸುದು?" ಎಂದಳು ಬಾಯ್. ನನಗೆ ಒಳಗೊಳಗೆ ಸ್ವಲ್ಪ ನೆಮ್ಮದಿಯಾಯಿತು. ಪರೀಕ್ಷೆ ರದ್ದು, ತೀರ್ಪು ಬೇಡ. ಆದರೆ ಟೀ ಟ್ರಾಲಿ ತಳ್ಳುವ ಒಬ್ಬ ಫಿಲಿಪಿನೊ ಹೆಂಗಸು ನಮ್ಮ ಕೈಗೆ ಬಿಸಿ ಟೀ ಕೊಟ್ಟು, ಬಾಯ್‌ಳ ಕೊರಳಿನ ಶಿಲುಬೆ ನೋಡಿ ನಕ್ಕು, ಕೇಳದೆಯೇ ಹೇಳಿದಳು: ಹಳೆಯ ಊರಿನ ಕಡೆ ಒಂದು ಚಿಕ್ಕ ಕಸಿನೊದಲ್ಲಿ ಈಗಲೂ ಕೈಯಲ್ಲೇ ಕಲಸುತ್ತಾರೆ.

ಎರಡನೆಯ ಕಸಿನೊ

ಇಲ್ಲಿ ಆಕಾಶವಿರಲಿಲ್ಲ. ತಗ್ಗಿದ ತಾರಸಿ, ಸವೆದ ಕಾರ್ಪೆಟ್, ಬಾಗಿಲಲ್ಲಿ ನೇಪಾಳದ ಗಾರ್ಡ್. ನಮ್ಮ ಮುಖ ನೋಡಿದ್ದೇ, "ಮಾತಾಜಿ, ಇಂಡಿಯಾ?" ಎಂದು ಹಿಂದಿಗೆ ಇಳಿದ.

ಮೇಜಿನ ಹಿಂದೆ ಎಲೆ ಹಂಚುವ ಬಿಳಿ ಕೂದಲಿನ ಡೀಲರ್, ಮುಖದ ಮೇಲೆ ಮಾಸ್ಕ್. ಆರು ಕಟ್ಟು ಎಲೆಗಳನ್ನು ಕೈಯಲ್ಲೇ ಕಲಸಿ, ನಡುವೆ ಒಂದು ಹಳದಿ ಪ್ಲಾಸ್ಟಿಕ್ ಎಲೆ ತೂರಿಸಿ, ಮರದ ಪೆಟ್ಟಿಗೆಗೆ ಹಾಕಿದ. ಆಡಲು ಒಬ್ಬಳೇ ಹೆಂಗಸು, ಕೈಯಲ್ಲಿ ಹಸಿರು ಕಲ್ಲಿನ ಬಳೆ. ನಾವು ಹಿಂದೆ ನಿಂತೆವು.

ಬಾಯ್ ಹೈ-ಲೋ ಎಣಿಸುವುದು, ನಾನು ಎಕ್ಕಗಳನ್ನು ಮಾತ್ರ ಎಣಿಸುವುದು ಎಂದು ಒಪ್ಪಂದವಾಗಿತ್ತು. ಇಬ್ಬರು ಬೇಕಲ್ಲ. ನನ್ನ ಮರೆವು ನನಗೆ ಗೊತ್ತು; ಹಾಗಾಗಿ ಬ್ಯಾಗಿನೊಳಗೆ ಜಪಮಾಲೆ ಹಿಡಿದಿದ್ದೆ. ಒಂದು ಎಕ್ಕಕ್ಕೆ ಒಂದು ಮಣಿ. ಎಂಥ ಉಪಾಯ! ಆದರೆ ಎಪ್ಪತ್ತು ವರ್ಷದ ಅಭ್ಯಾಸ ನೋಡಿ, ಮಣಿ ಸರಿದರೆ ನನ್ನೊಳಗೆ ನಮೋ ಮರಿಯಾ ತಾನಾಗಿ ಶುರುವಾಗುತ್ತದೆ. ಒಂದು ಪ್ರಾರ್ಥನೆ ಮುಗಿಯುವಾಗ ನಾಲ್ಕು ಎಲೆ ಹೋಗಿರುತ್ತಿತ್ತು. ಪ್ರಾರ್ಥನೆ ಮುಗಿದರೆ ಬೆರಳು ಎಕ್ಕಕ್ಕೆ ಕಾಯದೆ ಮುಂದಿನ ಮಣಿಗೆ. ಹತ್ತು ಮಣಿಯಾಗಿ ದೊಡ್ಡ ಮಣಿ ಬಂದಾಗ ನಾನು ಎಕ್ಕಗಳನ್ನು ಪೂರ್ತಿ ಬಿಟ್ಟು ನಮ್ಮ ಮೃತರಿಗಾಗಿ ಬೇಡಿಕೊಳ್ಳುತ್ತಿದ್ದೆ.

"ಪ್ಲಸ್ ಏಳು," ಎಂದಳು ಬಾಯ್ ಉಸಿರಿನಲ್ಲಿ. ಸ್ವಲ್ಪ ಹೊತ್ತಿಗೆ, "ಪ್ಲಸ್ ನಾಲ್ಕು." ಅವಳ ಕಣ್ಣು ನೋಡಬೇಕಿತ್ತು. ಎಷ್ಟೋ ವರ್ಷಗಳ ಮೇಲೆ ಡ್ಯೂಟಿಗೆ ಕರೆ ಬಂದಂತೆ.

ಹಳದಿ ಎಲೆ ಹೊರಬಂತು. ಡೀಲರ್ ಕೈ ಎತ್ತಿ ಆಟ ನಿಲ್ಲಿಸಿದ. ಪೆಟ್ಟಿಗೆಯಲ್ಲಿ ಇನ್ನೂ ಒಂದು ಕಟ್ಟಿನಷ್ಟು ಎಲೆ ಉಳಿದಿತ್ತು. ಅವನ್ನು ಮುಖ ತೋರಿಸದೆ ತೆಗೆದು, ಆಡಿದ ರಾಶಿಗೆ ಸೇರಿಸಲು ಹೊರಟ. ಅದು ಅಲ್ಲಿಯ ಪದ್ಧತಿ. ಪೂರ್ತಿ ಕಟ್ಟನ್ನು ಯಾರಿಗೂ ತೋರಿಸುವುದಿಲ್ಲ. ನಮಗೆ ಗೊತ್ತಿರಲಿಲ್ಲ.

"ಸ್ಟಾಪ್!"

ಇಡೀ ಹಾಲ್ ತಿರುಗಿತು. ಬಾಯ್ ಮುಂದೆ ಬಂದು ಬಲಗೈಯನ್ನು ಅಂಗೈ ಮೇಲೆ ಮಾಡಿ ಚಾಚಿದಳು.

"ಡಾಕ್ಟರ್, ಡೋಂಟ್ ಕ್ಲೋಸ್. ಕೌಂಟ್ ಆಗ್ಲಿಲ್ಲ. ನನ್ನದು ಪ್ಲಸ್ ಮೂರು. ಒಳಗೆ ಉಳಿದದ್ದು ತೋರಿಸಿ."

ಮಾಸ್ಕಿನ ಮೇಲಿನ ಕಣ್ಣುಗಳು ಅವಳನ್ನು ನೋಡಿದವು. ಬಳೆಯ ಹೆಂಗಸು ಕುರ್ಚಿ ಹಿಂದೆ ಸರಿಸಿದಳು. ಎಲ್ಲಿಂದಲೋ ಕಪ್ಪು ಕೋಟಿನವನೊಬ್ಬ ಬಂದ. ನನ್ನ ಬ್ಯಾಗಿನಿಂದ ಅರ್ಧ ಜೋತುಬಿದ್ದ ಜಪಮಾಲೆಯನ್ನೂ, ಬಾಯ್‌ಳ ತಲೆಕೆಳಗಾದ ಗಡಿಯಾರವನ್ನೂ ಬಾಗಿ ಬಾಗಿ ಪರೀಕ್ಷಿಸಿದ. ಕೊನೆಗೆ ನೇಪಾಳದ ಗಾರ್ಡನ್ನು ಕರೆದರು. ಅವನು ಬಾಯ್‌ಳ ಮೊಣಕೈ ಹಿಡಿದು, "ಚಲಿಯೆ ಮಾತಾಜಿ, ಬೈಠಿಯೆ," ಎಂದು ಬಾಗಿಲ ಹತ್ತಿರದ ಸೋಫಾಕ್ಕೆ ಕರೆತಂದ. ನೀರು ಕೊಟ್ಟ. ತನ್ನ ಅಮ್ಮನೂ ಹೀಗೇ ಎಂದು ನನಗೆ ಮೆಲ್ಲಗೆ ಹೇಳಿದ.

ಹೀಗೇ ಎಂದರೆ ಹೇಗೆ? ಅದೇ ನನಗೆ ಗೊತ್ತಾಗಬೇಕಿತ್ತು. ಅವಳು ಎಲ್ಲಿದ್ದೇನೆಂದು ತಿಳಿದೇ ಅಧಿಕಾರದಿಂದ ಕೂಗಿದಳೋ, ಅಥವಾ ಆ ಮಾಸ್ಕು, ಆ ಬೆಳಕು, ಆ ಕೈಗಳನ್ನು ನೋಡಿ ಥಿಯೇಟರಿಗೇ ಹೋಗಿಬಿಟ್ಟಳೋ?

"ಬಾಯ್, ಅವನನ್ನು ಡಾಕ್ಟರ್ ಅಂತ ಯಾಕೆ ಕರೆದದ್ದು?"

"ನಾನು ಯಾಕೆ ಡಾಕ್ಟರ್ ಅಂತ ಕರೀಲಿ? ಹುಚ್ಚಾ ನಿನಗೆ?" ಎಂದು ನೀರು ಕುಡಿದಳು. "ಎಕ್ಕ ಎಷ್ಟಾಯ್ತು?"

ನಾನು ಜಪಮಾಲೆಯನ್ನು ಬ್ಯಾಗಿನ ತಳಕ್ಕೆ ನೂಕಿದೆ.

ಹೋಟೆಲ್ ಕೋಣೆ

ದಾರಿಯಲ್ಲಿ ಒಂದು ಅಂಗಡಿಯಲ್ಲಿ ಕಸಿನೊದವರು ಬಳಸಿ ಬಿಟ್ಟ ಇಸ್ಪೀಟ್ ಕಟ್ಟು ಸಿಕ್ಕಿತು. ಮತ್ತೆ ಆಡಬಾರದೆಂದು ನಡುವೆ ತೂತು ಕೊರೆದಿರುತ್ತಾರೆ. ಅದನ್ನೂ ಮೊಟ್ಟೆಯ ಸಿಹಿ ತುಂಬಿದ ನಾಲ್ಕು ಎಗ್ ಟಾರ್ಟುಗಳನ್ನೂ ಹಿಡಿದು ಕೋಣೆಗೆ ಬಂದೆವು. ಮಂಚದ ಮೇಲೆ ಕುಳಿತು ತಿನ್ನುವಾಗ ನನ್ನದೊಂದು ಕೆಳಗೆ ಬಿದ್ದು, ಎತ್ತುವ ಮೊದಲು ನಾನೇ ಅದನ್ನು ತುಳಿದೆ.

"ಅಲ್ಲಿಯದು ಬಿಡು," ಎಂದಳು ಬಾಯ್. "ಅವರು ಪೂರ್ತಿ ತೋರಿಸುದೇ ಇಲ್ಲ. ನಾವೇ ಮಾಡುವಾ. ನೀನು ಕಲಸಿ, ನಾನು ನೋಡದ ಹಾಗೆ ಒಂದು ಎಲೆ ತೆಗೆದಿಡು. ಉಳಿದದ್ದನ್ನು ನಾನು ಎಣಿಸ್ತೇನೆ. ಪ್ಲಸ್ ಒಂದು ಬಂದರೆ ನಿನ್ನ ಕೈಯಲ್ಲಿ ದೊಡ್ಡ ಎಲೆ ಉಂಟು. ಮೈನಸ್ ಒಂದು ಬಂದರೆ ಸಣ್ಣದು. ಸೊನ್ನೆ ಬಂದರೆ ಏಳು, ಎಂಟು, ಒಂಬತ್ತರಲ್ಲಿ ಒಂದು."

ನನ್ನ ಬೆರಳಿಗೆ ಸಂಧಿವಾತ. ಕಲಸುವಾಗ ಎಲೆಗಳು ಕೈಜಾರಿ ಹಾಸಿಗೆ, ನೆಲ ಎಲ್ಲ ಹರಡಿದವು. ಬಗ್ಗಿ ಒಟ್ಟು ಮಾಡಿದೆ. ಒಂದನ್ನು ದಿಂಬಿನ ಕೆಳಗಿಟ್ಟೆ: ಆಟೀನ್ ರಾಣಿ.

ಬಾಯ್ ಒಂದೊಂದೇ ಎಲೆ ಮಗುಚುತ್ತ ಹೋದಳು. ಅವಸರವಿಲ್ಲ, ತಡೆಯಿಲ್ಲ. ಕೊನೆಯ ಎಲೆ ಇಟ್ಟು ಕೈ ಮಡಚಿದಳು.

"ಸೊನ್ನೆ. ಏಳು, ಎಂಟು, ಒಂಬತ್ತು. ತೆಗೆ."

ನಾನು ರಾಣಿಯನ್ನು ತೆಗೆದಿಟ್ಟೆ.

ಅವಳು ಅದನ್ನು ಬಹಳ ಹೊತ್ತು ನೋಡಿದಳು. "ಹಾಗಾದರೆ ಒಂದು ಸಣ್ಣ ಎಲೆ ಕಮ್ಮಿ ಉಂಟು. ಹುಡುಕು."

"ಬಾಯ್, ಸಾಕು."

"ಕೌಂಟ್ ಸರಿ ಉಂಟು, ಐರಿನ್. ಎಲೆ ಕಮ್ಮಿ. ಹುಡುಕು ಹೇಳಿದೆ."

ಐವತ್ತೆರಡು ಎಲೆಗಳನ್ನು ಎಣಿಸಲು ಒಂದು ನಿಮಿಷ ಸಾಕಿತ್ತು. ನಾನು ಎಣಿಸಲಿಲ್ಲ. ಯಾಕೆಂದು ಆಮೇಲೆ ಬಹಳ ಯೋಚಿಸಿದ್ದೇನೆ. ಸೇತುವೆಯಿಂದ ಹಿಡಿದು ಅಂಕ ಕೊಟ್ಟು, ಅಂಕ ತೆಗೆದು, ನಾನು ದಣಿದಿದ್ದೆ. ನನಗೆ ಒಂದು ಉತ್ತರ ಬೇಕಿತ್ತು, ಯಾವುದಾದರೂ ಸರಿ. ಡಾಕ್ಟರ್ ಎಂದು ಕರೆದಾಗಲೇ ನನ್ನೊಳಗೆ ತೀರ್ಪು ಬರೆದಾಗಿತ್ತೋ ಏನೋ.

ಅವಳು ಸ್ನಾನಕ್ಕೆ ಹೋದಾಗ ಶೀಲಾಗೆ ಫೋನ್ ಮಾಡಿದೆ. "ಸರಿ ಬರಲಿಲ್ಲ ಮಗಾ," ಎಂದೆ.

ಆ ಕಡೆ ಅವಳು ಅಳುತ್ತಿದ್ದಳು. "ಥ್ಯಾಂಕ್ಯೂ ಆಂಟಿ. ನೀವು ಬರುವ ಮೊದಲೇ ಮಮ್ಮಿಯ ಮಂಚ, ಕಪಾಟು ಇಲ್ಲಿಗೆ ತರಿಸ್ತೇನೆ. ಬಂದ ಮೇಲೆ ನೋಡಿದರೆ ಅವರಿಗೆ ಜಾಸ್ತಿ ಬೇಜಾರು. ನಾಳೆ ಹತ್ತು ಗಂಟೆಗೆ ಟೆಂಪೊ ಹೇಳ್ತೇನೆ."

ಬಾಯ್ ಹೊರಗೆ ಬಂದಾಗ ಮಂಚದ ಮೇಲಿನ ಎಲೆಗಳನ್ನು ನಾನು ಕಟ್ಟು ಮಾಡಿ ಡಬ್ಬಿಗೆ ಹಾಕಿದ್ದೆ. ಅವಳು ಡಬ್ಬಿಯನ್ನು ನೋಡಿದಳು. "ಕ್ಲೋಸ್ ಮಾಡಿದಿಯಾ?" ಎಂದು ಕೇಳಿ, ಗೋಡೆಯ ಕಡೆ ತಿರುಗಿ ಮಲಗಿದಳು.

ಹೊರಡುವ ಬೆಳಿಗ್ಗೆ

ಮಂಗಳೂರಿನಿಂದ ತಂದ ನನ್ನ ರಬ್ಬರ್ ಚಪ್ಪಲಿಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೂಟ್‌ಕೇಸಿಗೆ ಇಡಬೇಕು. ಎಡದ್ದನ್ನು ಎತ್ತಿದೆ, ಹಾಕಿದೆ. ಬಲದ್ದನ್ನು ಎತ್ತಿದೆ. ಅಡಿಯಲ್ಲಿ ಒಣಗಿದ ಎಗ್ ಟಾರ್ಟ್. ಅದಕ್ಕೆ ಅಂಟಿಕೊಂಡು, ನಡುವೆ ತೂತಿದ್ದ ಒಂದು ಎಲೆ.

ಕಳಾವರ್ ನಾಲ್ಕು.

ಕುಳಿತು ಲೆಕ್ಕ ಹಾಕಿದೆ, ಬೆರಳಿನಲ್ಲಿ, ಒಂದನೇ ಕ್ಲಾಸಿನವರ ಹಾಗೆ. ದಿಂಬಿನ ಕೆಳಗಿನ ರಾಣಿ ದೊಡ್ಡ ಎಲೆ, ಚಪ್ಪಲಿಯ ನಾಲ್ಕು ಸಣ್ಣದು. ಎರಡೂ ಇಲ್ಲದ ಕಟ್ಟು ಸೊನ್ನೆಗೇ ನಿಲ್ಲಬೇಕು. ನಿಂತಿತ್ತು. ಒಂದು ಸಣ್ಣ ಎಲೆ ಕಮ್ಮಿ ಎಂದು ಕೂಡ ಅವಳು ಹೇಳಿದ್ದಳು.

ಬಾಯ್ ಕನ್ನಡಿಯ ಮುಂದೆ ಗಡಿಯಾರ ಪಿನ್ ಮಾಡಿಕೊಳ್ಳುತ್ತಿದ್ದಳು. ನಾನು ಚಪ್ಪಲಿಯನ್ನು ಹಾಗೆಯೇ, ಎಲೆಯ ಸಮೇತ, ಅವಳ ಮುಂದೆ ಹಿಡಿದೆ.

ಅವಳು ನೋಡಿದಳು. "ಸರ್ಜನ್," ಎಂದಳು ನನ್ನನ್ನು. ಅಷ್ಟೇ. ನಂತರ ನಗಲು ಶುರುಮಾಡಿದಳು, ನಾನು ಅಳಲು.

ಊರಿನಲ್ಲಿ ಆಗ ಬೆಳಗಿನ ಐದೂವರೆ. ಶೀಲಾ ನಿದ್ದೆಯಲ್ಲಿ ಫೋನೆತ್ತಿದಳು.

"ಟೆಂಪೊ ಬೇಡ ಹೇಳು, ಮಗಾ. ಅವಳ ಲೆಕ್ಕ ಸರಿ ಇತ್ತು. ತಪ್ಪು ನನ್ನ ಚಪ್ಪಲಿಯಲ್ಲಿತ್ತು."

"ಎಂತ ಆಂಟಿ? ಚಪ್ಪಲಿಯಲ್ಲಾ? ನಿಮಗೆ ಹುಷಾರುಂಟಾ?"

ಅವಳಿಗೆ ನನ್ನ ತಲೆಯ ಬಗ್ಗೆಯೇ ಸಂಶಯ ಬಂದದ್ದು ಸ್ಪಷ್ಟ. ಮೂರು ಸಲ ವಿವರಿಸಿದೆ. ಕೊನೆಗೆ ಅವಳೆಂದಳು, "ಆಯ್ತು, ಎಣಿಸ್ಲಿಕ್ಕೆ ಬರ್ತದೆ. ಆದರೆ ಗ್ಯಾಸ್?"

ಅದರ ಲೆಕ್ಕ ಹೈ-ಲೋದಲ್ಲಿ ಇಲ್ಲ, ಒಮೆಗಾದಲ್ಲೂ ಇಲ್ಲ. "ಟೆಂಪೊ ಮಾತ್ರ ಬೇಡ," ಎಂದೆ. "ಗ್ಯಾಸಿನದ್ದು ನಾನು ಬಂದು ಹೇಳ್ತೇನೆ."

ಬಜ್ಪೆಯಿಂದ ಮೇಲೆ

ವಿಮಾನ ಬಜ್ಪೆಯ ಗುಡ್ಡದ ಮೇಲೆ ಇಳಿಯುವಾಗ ಬಾಯ್ ಕಿಟಕಿಯಿಂದ ನೋಡುತ್ತ, "ನಾವು ಎಲ್ಲಿಗೆ ಹೋದದ್ದು, ಐರಿನ್?" ಎಂದಳು.

"ಮಕಾವ್."

"ಓ, ಹೌದಲ್ಲ. ಊದುವವರು." ಮತ್ತೆ, "ಆ ಡಾಕ್ಟರನ ಕೈ ಚೆನ್ನಾಗಿತ್ತು," ಎಂದಳು.

ನಾನು ಈ ಸಲ ಅಂಕ ಕೊಡಲಿಲ್ಲ, ತೆಗೆಯಲೂ ಇಲ್ಲ.

ಟ್ಯಾಕ್ಸಿ ಕೊಡಿಯಾಲ್‌ಬೈಲಿನ ಟ್ರಾಫಿಕ್ಕಿನಲ್ಲಿ ಅರ್ಧ ಗಂಟೆ ನಿಂತು, ನಮ್ಮನ್ನು ಗೇಟಿನಲ್ಲಿ ಇಳಿಸಿತು. ಲಿಫ್ಟಿನಲ್ಲಿ ನನ್ನ ಮಹಡಿ ಬಂದಾಗ ನಾನು ಇಳಿಯಲಿಲ್ಲ. ಮೇಲೆ, ತನ್ನ ಬಾಗಿಲ ಮುಂದೆ, ಅವಳು ಬ್ಯಾಗಿನೊಳಗೆ ಬಹಳ ಹುಡುಕಿ ಕೀ ತೆಗೆದಳು. ತೆರೆದಳು. ಮಂಚ, ಕಪಾಟು, ಗೋಡೆಯ ಮೇಲಿನ ಸೇಕ್ರೆಡ್ ಹಾರ್ಟ್ ಯೇಸುವಿನ ಪಟ, ಎಲ್ಲ ಇದ್ದಲ್ಲೇ ಇತ್ತು. ಒಳಗೆ ಕಾಲಿಡುವ ಮೊದಲು ಅವಳು ಸಾಮಾನಿನ ಕಡೆ ತಿರುಗಿದಳು.

"ಹೋಗುವಾಗ ಎಷ್ಟು?"

"ನಾಲ್ಕು," ಎಂದೆ.

"ಎರಡು ಸೂಟ್‌ಕೇಸ್, ಎರಡು ಕೈಚೀಲ. ಬರುವಾಗಲೂ ನಾಲ್ಕು." ಅಡುಗೆಮನೆಯ ಕಡೆ ನಡೆದು, ಗ್ಯಾಸಿನ ನಾಬ್ ಮೇಲೆ ಬೆರಳಿಟ್ಟು ನಿಂತಳು. "ಒಂದು, ಆಫ್. ಎರಡು, ಆಫ್." ತಿರುಗಿ ನನ್ನನ್ನು ನೋಡಿದಳು. "ಎಂತ ನಿಂತದ್ದು? ಇಬ್ಬರು ಹೇಳ್ಬೇಕು. ಜೋರಾಗಿ."

ನಾನು ನನ್ನ ಸೂಟ್‌ಕೇಸನ್ನು ಹೊಸ್ತಿಲಿನ ಒಳಗೆ ಎಳೆದುಕೊಂಡು, ಅವಳ ಪಕ್ಕಕ್ಕೆ ಹೋಗಿ ನಿಂತೆ.

"ಒಂದು, ಆಫ್," ಎಂದೆ. "ಎರಡು, ಆಫ್."